ಆ ಡಾಕ್ಟರು ಮಲಗಿ ಎಷ್ಟು ಹೊತ್ತಾಯಿತು?



ನಡುರಾತ್ರಿ ಮನೆಯವರಿಗೆ ಎದೆನೋವು ಬಂದು, ಸಿಕ್ಕ ಆಟೋ ಹಿಡಿದು ಸರ್ಕಾರಿ ಆಸ್ಪತ್ರೆಯ ಕ್ಯಾಶುಯಲ್ಟಿ ಬಾಗಿಲಿಗೆ ಬಂದಾಗ ನಮ್ಮೆಲ್ಲರ ಬಾಯಿಂದ ಹೊರಡುವ ಮೊದಲ ಮಾತು ಒಂದೇ: "ಡಾಕ್ಟ್ರು ಇದಾರಾ?" ಇದ್ದಾರೆ ಎಂದು ಸಿಸ್ಟರ್ ಹೇಳಿದರೆ ಹೋದ ಜೀವ ಬಂದಂತಾಗುತ್ತದೆ. ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ವೈದ್ಯಕೀಯ ಕಾಲೇಜಿನ ಮೆಡಿಸಿನ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದವನು ನಾನು. ಆ ಪ್ರಶ್ನೆಯ ಬೆನ್ನಿಗೇ ಇನ್ನೊಂದನ್ನೂ ಕೇಳಿ ಎಂದು ನಿಮ್ಮಲ್ಲಿ ಬೇಡಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ಇರುವ ಆ ಡಾಕ್ಟರು ಮಲಗಿ ಎಷ್ಟು ಹೊತ್ತಾಯಿತು?

ಆ ಹೊತ್ತಿನಲ್ಲಿ ನಿಮ್ಮೆದುರು ಬಂದು ನಿಲ್ಲುವವರು ಬಹುಪಾಲು ಇನ್ನೂ ಕಲಿಯುತ್ತಿರುವ ವೈದ್ಯರು. ಎಂಬಿಬಿಎಸ್ ಪರೀಕ್ಷೆ ಮುಗಿಸಿ ಒಂದು ವರ್ಷದ ಹೌಸ್ ಸರ್ಜನ್ ಕೆಲಸದಲ್ಲಿರುವವರು, ಇಲ್ಲವೇ ಎಂಡಿ, ಎಂಎಸ್ ಸೀಟು ಪಡೆದು ಮೂರು ವರ್ಷದ ತರಬೇತಿಗೆ ಬಂದ ಪಿಜಿಗಳು. ವಯಸ್ಸು ಇಪ್ಪತ್ಮೂರರಿಂದ ಮೂವತ್ತರ ಆಸುಪಾಸು. ಜಿಲ್ಲೆ ಜಿಲ್ಲೆಯ ದೊಡ್ಡಾಸ್ಪತ್ರೆಗಳು ರಾತ್ರಿ ನಡೆಯುವುದು ಈ ಮಕ್ಕಳ ಕಾಲಿನ ಮೇಲೆ. ಪ್ರೊಫೆಸರ್ ಬೆಳಿಗ್ಗೆ ರೌಂಡ್ಸಿಗೆ ಬರುತ್ತಾರೆ, ಅಸಿಸ್ಟೆಂಟ್ ಪ್ರೊಫೆಸರ್ ಫೋನಿನಲ್ಲಿ ಸಿಗುತ್ತಾರೆ. ವಾರ್ಡಿನಲ್ಲಿ ನಿಂತಿರುವುದು ಮಾತ್ರ ಈ ಮಕ್ಕಳು.

ಒಂದು ಮಳೆಗಾಲದ ಕತೆ ಹೇಳುತ್ತೇನೆ. ಊರು, ಆಸ್ಪತ್ರೆ ಯಾವುದೆಂದು ಹೇಳುವುದಿಲ್ಲ. ಏಕೆಂದರೆ ತಪ್ಪು ನನ್ನದು.

ಡೆಂಗಿ ಏರಿದ್ದ ಕಾಲ. ನಮ್ಮ ಯೂನಿಟ್ಟಿನ ಅಡ್ಮಿಷನ್ ದಿನ ಮಂಗಳವಾರ. ಅಂದರೆ ಆ ಬೆಳಿಗ್ಗೆಯಿಂದ ಮರುದಿನ ಬೆಳಿಗ್ಗೆಯವರೆಗೆ ಮೆಡಿಸಿನ್ ವಿಭಾಗಕ್ಕೆ ದಾಖಲಾಗುವ ಎಲ್ಲ ರೋಗಿಗಳೂ ನಮ್ಮವರೇ. ಬುಧವಾರ ಒಂಬತ್ತಕ್ಕೆ ನಾನು ರೌಂಡ್ಸಿಗೆ ಹೋದೆ. ಆರನೇ ಬೆಡ್ಡಿನ ಹತ್ತಿರ ವಾರ್ಡ್ ಸಿಸ್ಟರ್ ಏನೂ ಮಾತಾಡದೆ ಒಂದು ಕೇಸ್ ಶೀಟ್ ನನ್ನ ಕೈಗಿಟ್ಟರು. ಹನ್ನೆರಡು ಯೂನಿಟ್ ಇನ್ಸುಲಿನ್ ಬರೆದಿತ್ತು. ಆರನೇ ಬೆಡ್ಡಿನ ಅಜ್ಜಿಗೆ ಸಕ್ಕರೆ ಕಾಯಿಲೆಯೇ ಇರಲಿಲ್ಲ. ಇನ್ಸುಲಿನ್ ಬೇಕಾಗಿದ್ದದ್ದು ಹದಿನಾರನೇ ಬೆಡ್ಡಿನಲ್ಲಿದ್ದ, ಅದೇ ಹೆಸರಿನ, ಹೆಚ್ಚುಕಡಿಮೆ ಅದೇ ವಯಸ್ಸಿನ ಇನ್ನೊಬ್ಬ ಅಜ್ಜಿಗೆ. ಬರೆದ ಸಮಯ ನಸುಕಿನ 4.10. ಸಿಸ್ಟರ್ "ಡಾಕ್ಟ್ರ, ಈ ಯಮ್ಮಗ ಶುಗರ್ ಎಲ್ಲೈತ್ರಿ?" ಎಂದು ಕೇಳಿ ಸಿರಿಂಜ್ ಕೆಳಗಿಟ್ಟಿದ್ದರಿಂದ ಅಜ್ಜಿ ಉಳಿದಳು.

ಬರೆದವನು ಮೊದಲ ವರ್ಷದ ಪಿಜಿ. ಇಪ್ಪತ್ತು ವಿದ್ಯಾರ್ಥಿಗಳು, ನಲವತ್ತು ರೋಗಿಗಳು, ಅವರ ಮನೆಯವರು ಎಲ್ಲರೂ ಕೇಳುವಂತೆ ನಾನು ಅವನನ್ನು ಬೈದೆ. ಓದಿ ಬಂದಿದ್ದೀಯೋ ಅಥವಾ ಸುಮ್ಮನೆ ಸೀಟು ಹಿಡಿದು ಕೂತಿದ್ದೀಯೋ ಎಂದೆ. ಅವನು "ಸಾರಿ ಸರ್" ಎಂದ. ಮತ್ತೇನೂ ಹೇಳಲಿಲ್ಲ. ರೌಂಡ್ಸ್ ಮುಂದುವರಿಯಿತು. ಅವನು ನನ್ನ ಹಿಂದೆಯೇ ನಡೆಯುತ್ತಾ ಪ್ರತಿ ಬೆಡ್ಡಿನ ರಿಪೋರ್ಟ್ ಓದಿ ಹೇಳುತ್ತಾ ಬಂದ.

ಆ ಘಟನೆಯ ವರದಿ ಬರೆಯಬೇಕಿತ್ತು. ಅದಕ್ಕಾಗಿ ಎರಡು ದಿನ ಬಿಟ್ಟು ಆ ಅಡ್ಮಿಷನ್ ದಿನದ ಕೇಸ್ ಶೀಟುಗಳನ್ನೆಲ್ಲ ತರಿಸಿಕೊಂಡೆ. ಒಟ್ಟು 31 ಹೊಸ ರೋಗಿಗಳು. ಪ್ರತಿ ಟಿಪ್ಪಣಿಯ ಪಕ್ಕದಲ್ಲಿ ಗಂಟೆ ನಿಮಿಷ ಬರೆಯುವುದು ನಮ್ಮಲ್ಲಿ ರೂಢಿ. ಶೀಟುಗಳನ್ನು ಸಮಯದ ಪ್ರಕಾರ ಮೇಜಿನ ಮೇಲೆ ಹರವಿದಾಗ ನನಗೆ ಕಂಡದ್ದು ಒಬ್ಬನೇ ಹುಡುಗನ ಕೈಬರಹ. ಮಂಗಳವಾರ ಬೆಳಿಗ್ಗೆ 7.20ಕ್ಕೆ ಶುರು. ಆಗ ಅಕ್ಷರ ದುಂಡಗಿದೆ, ಸಾಲು ನೇರವಾಗಿದೆ, ರೋಗಿಯ ತಂದೆಯ ಹೆಸರು, ಊರು, ಎಷ್ಟು ದಿನದಿಂದ ಜ್ವರ, ಎಲ್ಲವೂ ಇದೆ. ಮಧ್ಯಾಹ್ನ ಮೂರರ ಹೊತ್ತಿಗೆ ಊರಿನ ಹೆಸರು ಬಿಟ್ಟುಹೋಗಿದೆ. ರಾತ್ರಿ ಹನ್ನೊಂದಕ್ಕೆ ಅಕ್ಷರ ಬಲಕ್ಕೆ ವಾಲತೊಡಗಿದೆ. ನಸುಕಿನ ಮೂರೂವರೆಯ ಒಂದು ಶೀಟಿನಲ್ಲಿ ಸಾಲು ಅರ್ಧಕ್ಕೆ ನಿಂತು, ಪೆನ್ನಿನ ಗೆರೆಯೊಂದು ಕಾಗದದ ಅಂಚಿನವರೆಗೂ ಎಳೆದುಕೊಂಡು ಹೋಗಿದೆ. ನಿಂತಲ್ಲೇ ಕಣ್ಣು ಮುಚ್ಚಿದ್ದಾನೆ. ಅದಾದ ನಲವತ್ತು ನಿಮಿಷಕ್ಕೆ ಇನ್ಸುಲಿನ್. ಕೊನೆಯ ಟಿಪ್ಪಣಿ ಬುಧವಾರ ಸಂಜೆ 7.05ರದ್ದು. ನಾನು ಬೈದ ಮೇಲೂ ಹತ್ತು ಗಂಟೆ ಅವನು ಕೆಲಸ ಮಾಡಿದ್ದ.

ಸುಮಾರು 36 ಗಂಟೆ. ಆ ಆಸ್ಪತ್ರೆಯ ಯಾವ ರಿಜಿಸ್ಟರಿನಲ್ಲೂ ಈ 36 ಗಂಟೆ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಮಂಗಳವಾರಕ್ಕೊಂದು ಸಹಿ, ಬುಧವಾರಕ್ಕೊಂದು ಸಹಿ, ಅಷ್ಟೆ. ಅವನ ಯೂನಿಟ್ಟಿನ ಮುಖ್ಯಸ್ಥನಾದ ನನಗೂ ಗೊತ್ತಿರಲಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಎಣಿಸಿರಲಿಲ್ಲ.

ಎಣಿಸಿದ್ದರೆ ಏನಾಗುತ್ತಿತ್ತು? ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಎಚ್ಚರವಾಗಿ 17 ಗಂಟೆ ಕಳೆದವರ ಕೈ ಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಸೇರಿದವರಷ್ಟೇ ಕುಸಿದಿರುತ್ತದೆ. 24 ಗಂಟೆ ದಾಟಿದರೆ ಅದು ಶೇ 0.10ಕ್ಕೆ ಸಮ. ನಮ್ಮ ದೇಶದಲ್ಲಿ ಕುಡಿದು ವಾಹನ ಓಡಿಸುವವರನ್ನು ಪೊಲೀಸರು ಹಿಡಿಯುವ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇ 0.03. ಆ ಹುಡುಗ ಇನ್ಸುಲಿನ್ ಬರೆದದ್ದು ಎದ್ದ 22ನೇ ಗಂಟೆಯಲ್ಲಿ. ಅದೇ ಸ್ಥಿತಿಯಲ್ಲಿ ಅವನು ಸ್ಕೂಟರ್ ಹತ್ತಿದ್ದರೆ ಅಪಾಯ ಎಂದು ಯಾರಾದರೂ ತಡೆಯುತ್ತಿದ್ದರು. ಮಲಗಿದ್ದ 31 ಜನರ ಜೀವವನ್ನು ಅವನ ಕೈಗೆ ಕೊಟ್ಟು ನಾನು ಮನೆಯಲ್ಲಿ ನಿದ್ದೆ ಮಾಡಿದ್ದೆ.

ದೂರದ ಊರಿಗೆ ಹೋಗುವ ರಾತ್ರಿ ಬಸ್ಸಿಗೆ ಇಬ್ಬರು ಚಾಲಕರಿರುವುದನ್ನು ನೀವು ನೋಡಿದ್ದೀರಿ. ಒಬ್ಬರು ಓಡಿಸುವಾಗ ಇನ್ನೊಬ್ಬರು ಕಾಲು ಚಾಚುತ್ತಾರೆ. ಅದರ ಹಿಂದಿರುವುದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ತಂದ ಮಿತಿ: ಸಾಮಾನ್ಯವಾಗಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ. ಚಾಲಕನ ನಿದ್ದೆ ಪ್ರಯಾಣಿಕರ ಹಕ್ಕು ಎಂದು ನಮಗೆ ಅರವತ್ತು ವರ್ಷದ ಹಿಂದೆಯೇ ತಿಳಿದಿತ್ತು.

ವೈದ್ಯರ ವಿಷಯದಲ್ಲೂ ತಿಳಿಯದೆ ಇರಲಿಲ್ಲ. 1992ರ ಜೂನ್ 5ರಂದು ಕೇಂದ್ರ ಆರೋಗ್ಯ ಸಚಿವಾಲಯ ಪಿಜಿಗಳಂಥ ರೆಸಿಡೆಂಟ್ ವೈದ್ಯರ ಬಗ್ಗೆ ಒಂದು ಆದೇಶ ಹೊರಡಿಸಿತು. ಒಂದೇ ಸಮನೆ 12 ಗಂಟೆಗಿಂತ ಹೆಚ್ಚು ಸಾಮಾನ್ಯವಾಗಿ ದುಡಿಸಬಾರದು, ವಾರಕ್ಕೆ 48 ಗಂಟೆ, ಸರದಿಯ ಮೇಲೆ ವಾರಕ್ಕೊಂದು ರಜೆ. ಅಂಕಿಗಳು ಸ್ಪಷ್ಟವಾಗಿದ್ದವು. ಮೂವತ್ತೊಂದು ವರ್ಷ ಕಳೆದು, 2023ರ ಡಿಸೆಂಬರಿನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಸ್ನಾತಕೋತ್ತರ ಶಿಕ್ಷಣದ ಹೊಸ ನಿಯಮಾವಳಿ ತಂದಿತು. ಅದರ ಪ್ರಕಾರ ಪಿಜಿಗಳು 'ಸಮಂಜಸವಾದ' ಗಂಟೆಗಳಷ್ಟು ಕೆಲಸ ಮಾಡಬೇಕು, ಅವರಿಗೆ 'ಸಮಂಜಸವಾದ' ವಿಶ್ರಾಂತಿ ಕೊಡಬೇಕು. ಎಷ್ಟು ಗಂಟೆ? ಬರೆದಿಲ್ಲ. ಅದೇ ನಿಯಮಾವಳಿಯಲ್ಲಿ ಹಾಜರಿ ಶೇ 80 ಇರಲೇಬೇಕು ಎಂದು ಬರೆದಿದೆ. ಪಿಜಿ ಕಡಿಮೆ ಬಂದರೆ ಅಳೆಯಲು ಅಂಕಿ ಇದೆ, ಅವನಿಂದ ಹೆಚ್ಚು ದುಡಿಸಿಕೊಂಡರೆ ಅಳೆಯಲು ಒಂದು ವಿಶೇಷಣ ಮಾತ್ರ ಇದೆ. ನನ್ನ ಮನವಿಯ ತಿರುಳು ಇಷ್ಟೇ. ಆ ವಿಶೇಷಣದ ಜಾಗದಲ್ಲಿ ಒಂದು ಅಂಕಿ ಬರಬೇಕು, ಮತ್ತು ಆ ಅಂಕಿ ಆಸ್ಪತ್ರೆಯ ಗೋಡೆಯ ಮೇಲೆ ನಿಮ್ಮ ಕಣ್ಣಿಗೆ ಕಾಣಬೇಕು.

ಹೀಗೆ ಹಗಲು ರಾತ್ರಿ ದುಡಿಸುವ ಪದ್ಧತಿ ಎಲ್ಲಿಂದ ಬಂತು ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಿದ್ದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಮಹಾನ್ ಶಸ್ತ್ರವೈದ್ಯ ಹತ್ತೊಂಬತ್ತನೇ ಶತಮಾನದ ಕೊನೆಗೆ ಕಟ್ಟಿದ ತರಬೇತಿಯ ಮಾದರಿ ಇದು. ಕಲಿಯುವವರು ಆಸ್ಪತ್ರೆಯಲ್ಲೇ ವಾಸಿಸಬೇಕಿತ್ತು, ಅದಕ್ಕೇ 'ರೆಸಿಡೆಂಟ್' ಎಂಬ ಹೆಸರು. ಹಾಲ್‌ಸ್ಟೆಡ್ ಕೊಕೇನ್, ಆಮೇಲೆ ಮಾರ್ಫಿನ್ ಚಟದೊಂದಿಗೆ ಬದುಕು ಸವೆಸಿದವರು ಎಂಬುದು ವೈದ್ಯಕೀಯ ಇತಿಹಾಸದಲ್ಲಿ ದಾಖಲಾಗಿದೆ. ಅಂಥ ಒಬ್ಬರ ದಿನಚರಿ ನೂರಮೂವತ್ತು ವರ್ಷ ಕಳೆದರೂ ನಮ್ಮ ಮಕ್ಕಳ ದಿನಚರಿಗೆ ಅಳತೆಗೋಲಾಗಿರುವುದನ್ನು ನೆನೆದರೆ ಸಂಕಟವಾಗುತ್ತದೆ. ಅಮೆರಿಕವೇ ಅದನ್ನು ಬದಲಿಸಿಕೊಂಡಿತು, ಅದೂ ಒಂದು ಸಾವಿನ ನಂತರ. 1984ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದಕ್ಕೆ ಜ್ವರವೆಂದು ಸೇರಿದ ಹದಿನೆಂಟರ ಲಿಬ್ಬಿ ಜಿಯಾನ್ ಮರುದಿನ ಬೆಳಿಗ್ಗೆ ತೀರಿಕೊಂಡಳು. ನೋಡಿಕೊಂಡವರು ದೀರ್ಘ ಡ್ಯೂಟಿಯಲ್ಲಿದ್ದ ತರಬೇತಿಯ ವೈದ್ಯರು. ಪತ್ರಕರ್ತನಾಗಿದ್ದ ತಂದೆ ಸುಮ್ಮನೆ ಬಿಡಲಿಲ್ಲ. 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ತಂದಿತು, 2003ರಲ್ಲಿ ಇಡೀ ಅಮೆರಿಕಕ್ಕೆ ಅದು ಬಂತು. ಯುರೋಪಿನಲ್ಲಿ 2009ರಿಂದ 48 ಗಂಟೆ. ಬದಲಾವಣೆಗೆ ಕಾರಣನಾದವನು ವೈದ್ಯನಲ್ಲ, ಒಬ್ಬ ತಂದೆ ಎಂಬುದನ್ನು ದಯವಿಟ್ಟು ಗಮನಿಸಿ. ವೈದ್ಯರಾದ ನಾವು ಇದನ್ನು ನಮ್ಮೊಳಗೇ ಸರಿಪಡಿಸಿಕೊಳ್ಳುತ್ತೇವೆ ಎಂದು ಕಾದರೆ ಆಗುವುದಿಲ್ಲ. ನಾವು ಹಾಗೆ ಬೆಳೆದವರು, ಹಾಗೆಯೇ ಬೆಳೆಸುತ್ತೇವೆ.

ಇಷ್ಟೊಂದು ಗಂಟೆಗಳಲ್ಲಿ ಪಿಜಿಗಳು ಮಾಡುವುದೇನು? ರೋಗಿಯನ್ನು ನೋಡುವುದು, ಕಲಿಯುವುದು ಎಂದು ನೀವು ಅಂದುಕೊಂಡಿರಬಹುದು. ಮೊದಲ ವರ್ಷದ ಪಿಜಿಯ ಜೊತೆ ಒಂದು ದಿನ ನಡೆದು ನೋಡಿ. ಬೆಳಿಗ್ಗೆ ಆರಕ್ಕೆ ಎದ್ದು ರಕ್ತದ ಸ್ಯಾಂಪಲ್ ತೆಗೆಯುತ್ತಾರೆ, ಅಟೆಂಡರ್ ಇಲ್ಲದಿದ್ದರೆ ತಾವೇ ಲ್ಯಾಬಿಗೆ ಹೊತ್ತೊಯ್ಯುತ್ತಾರೆ, ಮಧ್ಯಾಹ್ನ ಅದೇ ಲ್ಯಾಬಿನ ಕಿಟಕಿಯಲ್ಲಿ ರಿಪೋರ್ಟಿಗೆ ನಿಲ್ಲುತ್ತಾರೆ. ಬ್ಲಡ್ ಬ್ಯಾಂಕಿನಿಂದ ಬಾಟಲಿ ತರುತ್ತಾರೆ. ಸ್ಕ್ಯಾನಿಂಗಿಗೆ ಸ್ಟ್ರೆಚರ್ ತಳ್ಳುತ್ತಾರೆ. ಆಯುಷ್ಮಾನ್ ಯೋಜನೆಯ ಕಾಗದ ತುಂಬುತ್ತಾರೆ. ಎಂಎಲ್‌ಸಿ (ಕಾನೂನಿಗೆ ಸಂಬಂಧಿಸಿದ ಪ್ರಕರಣಗಳ ದಾಖಲೆ) ಬರೆದು ಪೊಲೀಸರಿಗೆ ಉತ್ತರ ಹೇಳುತ್ತಾರೆ. ಡಿಸ್ಚಾರ್ಜ್ ಸಮ್ಮರಿಯ ರಾಶಿ ಮುಗಿಸುತ್ತಾರೆ. ನಡುವೆ ಸೆಮಿನಾರ್, ಲಾಗ್‌ಬುಕ್, ಥೀಸಿಸ್. ಊಟ ಅನ್ನುವುದು ಕ್ಯಾಂಟೀನಿನ ಎರಡು ಬನ್ನು, ಒಂದು ಚಹಾ. ಒಬ್ಬ ಲ್ಯಾಬ್ ಟೆಕ್ನಿಶಿಯನ್, ಒಬ್ಬ ಗುಮಾಸ್ತ, ಒಬ್ಬ ವಾರ್ಡ್ ಬಾಯ್, ಇಬ್ಬರು ಸಿಸ್ಟರ್ ಮಾಡಬೇಕಾದ ಕೆಲಸವನ್ನು ಒಬ್ಬ ಪಿಜಿ ಮಾಡುತ್ತಾನೆ. ಖಾಲಿ ಬಿದ್ದ ಹುದ್ದೆಗಳು ಖಾಲಿಯೆಂದು ನಮಗೆ ಕಾಣದಿರುವುದು ಅದಕ್ಕೇ, ಆ ಜಾಗದಲ್ಲಿ ಒಂದು ಮಗು ಓಡಾಡುತ್ತಿರುತ್ತದೆ.

ದಣಿವು ಒಂದು ರಾತ್ರಿಯ ನಿದ್ದೆಗೆ ಇಳಿಯುತ್ತದೆ. ನಾನು ಹೇಳುತ್ತಿರುವುದು ಇಳಿಯದ ದಣಿವನ್ನು. 'ಬರ್ನ್‌ಔಟ್' ಎಂಬ ಮಾತನ್ನು 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ, ಉಚಿತ ಚಿಕಿತ್ಸಾಲಯದಲ್ಲಿ ಹಗಲು ರಾತ್ರಿ ದುಡಿಯುವವರನ್ನು ನೋಡಿ ಬಳಸಿದ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅದಕ್ಕೆ ಮೂರು ಲಕ್ಷಣ ಹೇಳಿತು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಬಗ್ಗೆ ಕಹಿಯಾಗುವುದು, ಕೆಲಸ ಕೈಗೆ ಹತ್ತದಿರುವುದು. ಇದು ದುಡಿಮೆಯಿಂದ ಹುಟ್ಟುವ ಸ್ಥಿತಿ ಎಂದೂ ಸ್ಪಷ್ಟಪಡಿಸಿತು. ನಮ್ಮ ಕನ್ನಡದಲ್ಲಿ 'ಬಸವಳಿಯುವುದು' ಎಂಬ ಒಳ್ಳೆಯ ಶಬ್ದವಿದೆ. ಬರಗಾಲದ ಎತ್ತು ನೊಗದಡಿಯಲ್ಲೇ ಮಂಡಿಯೂರುವುದನ್ನು ಕಂಡವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ನನ್ನ ಆ ಹುಡುಗ ಬಸವಳಿದದ್ದನ್ನು ನಾನು ಗುರುತಿಸಬಹುದಿತ್ತು. ಬಂದ ಹೊಸತರಲ್ಲಿ ಅವನು ವಾರ್ಡಿನ ಮುದುಕಿಯರನ್ನೆಲ್ಲ "ಅವ್ವಾರ, ಊಟ ಆತೇನ್ರಿ" ಎಂದು ಮಾತಾಡಿಸುತ್ತಿದ್ದ. ಅವರ ಮೊಮ್ಮಕ್ಕಳ ಹೆಸರು ಸಹ ಅವನಿಗೆ ಗೊತ್ತಿರುತ್ತಿತ್ತು. ಏಳೆಂಟು ತಿಂಗಳಿಗೆ "ಒಂಬತ್ತನೇ ಬೆಡ್ಡಿಗೆ ಪ್ಲೇಟ್‌ಲೆಟ್", "ಹನ್ನೆರಡು ಡಿಸ್ಚಾರ್ಜ್" ಎನ್ನತೊಡಗಿದ. ಮನುಷ್ಯರು ನಂಬರಾದರು. ಅದನ್ನು ನಾನು ವೃತ್ತಿಪರತೆ ಎಂದುಕೊಂಡೆ. ಚಳಿಗಾಲದಲ್ಲಿ ಎರಡು ದಿನ ಅವನು ವಾರ್ಡಿಗೆ ಬರಲಿಲ್ಲ. ಹಾಸ್ಟೆಲಿಗೆ ಹೋದೆ. ದೀಪ ಹಾಕದೆ ಗೋಡೆಗೆ ಒರಗಿ ಕೂತಿದ್ದ. ಬಹಳ ಹೊತ್ತಿನ ಮೇಲೆ, "ಸರ್, ಮೊನ್ನೆ ಪೇಷಂಟ್ ತೀರಿಕೊಂಡ್ರು. ನನಗ ಏನೂ ಅನಸ್ಲೇ ಇಲ್ರಿ. ಅದಕ್ಕ ಹೆದರಿಕಿ ಆಗಾಕತ್ತೈತಿ" ಎಂದ.

ಅವನನ್ನು ಮನೋವೈದ್ಯರ ಹತ್ತಿರ ಕರೆದೊಯ್ದೆ, ಒಂದು ತಿಂಗಳು ಊರಿಗೆ ಕಳಿಸಿದೆ. ಅವನು ಚೇತರಿಸಿಕೊಂಡ. ಚೇತರಿಸಿಕೊಳ್ಳದ ಮಕ್ಕಳೂ ಇದ್ದಾರೆ. ಐದು ವರ್ಷಗಳಲ್ಲಿ ದೇಶದಲ್ಲಿ 122 ವೈದ್ಯಕೀಯ ವಿದ್ಯಾರ್ಥಿಗಳು ತಾವೇ ಜೀವ ಕಳೆದುಕೊಂಡರೆಂದು, ಸಾವಿರಕ್ಕೂ ಹೆಚ್ಚು ಪಿಜಿಗಳು ಸೀಟು ಬಿಟ್ಟುಹೋದರೆಂದು ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ವೈದ್ಯಕೀಯ ಆಯೋಗ ಕೊಟ್ಟ ಉತ್ತರ 2024ರಲ್ಲಿ ಪತ್ರಿಕೆಗಳಲ್ಲಿ ಬಂತು. ಅದೇ ವರ್ಷ ಆಯೋಗ ನೇಮಿಸಿದ್ದ ಮಾನಸಿಕ ಆರೋಗ್ಯ ಕಾರ್ಯಪಡೆ ತನ್ನ ವರದಿ ಕೊಟ್ಟಿತು. ಅದರ ಸಮೀಕ್ಷೆಗೆ ತಾವಾಗಿ ಉತ್ತರಿಸಿದ 5,337 ಪಿಜಿಗಳಲ್ಲಿ ಶೇ 31ರಷ್ಟು ಮಂದಿಗೆ ಸಾಯುವ ಯೋಚನೆ ಬಂದಿತ್ತು. ಶೇ 45ರಷ್ಟು ಮಂದಿ ವಾರಕ್ಕೆ 60 ಗಂಟೆ ಮೀರಿ ದುಡಿಯುತ್ತಿದ್ದರು, ಅರ್ಧಕ್ಕೂ ಹೆಚ್ಚು ಜನಕ್ಕೆ ವಾರದ ರಜೆ ಸರಿಯಾಗಿ ಸಿಗುತ್ತಿರಲಿಲ್ಲ. ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ದಿನ ಬಿಡುವು ಬೇಕು, ದಿನಕ್ಕೆ ಏಳೆಂಟು ಗಂಟೆ ನಿದ್ದೆ ಬೇಕು ಎಂದು ಕಾರ್ಯಪಡೆ ಶಿಫಾರಸು ಮಾಡಿತು. 1992ರ 48 ಗಂಟೆ ಎಲ್ಲಿ, 74 ಎಲ್ಲಿ ಎಂದು ನನಗೆ ನೋವಾಗುತ್ತದೆ. ಆದರೂ ಅದೊಂದು ಅಂಕಿ, 'ಸಮಂಜಸ' ಎಂಬುದಕ್ಕಿಂತ ಮೇಲು.

2024ರ ಆಗಸ್ಟ್ 9ರಂದು ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ಒಬ್ಬ ಪಿಜಿ ವೈದ್ಯೆಯ ಮೇಲೆ ನಡೆದ ಅತ್ಯಾಚಾರ, ಕೊಲೆಯ ಸುದ್ದಿ ಓದಿ ನೀವೂ ನಡುಗಿದ್ದೀರಿ. ಆಕೆ 36 ಗಂಟೆಯ ಡ್ಯೂಟಿಯಲ್ಲಿದ್ದಳು, ಸ್ವಲ್ಪ ಹೊತ್ತು ಮಲಗಲೆಂದು ಸೆಮಿನಾರ್ ಹಾಲಿಗೆ ಹೋಗಿದ್ದಳು. ಭದ್ರತೆಯ ಬಗ್ಗೆ ದೇಶವೆಲ್ಲ ಮಾತಾಡಿತು, ಮಾತಾಡಲೇಬೇಕಿತ್ತು. ಆದರೆ ದಣಿದ ಹೆಣ್ಣುಮಗಳಿಗೆ ಬಾಗಿಲು ಹಾಕಿಕೊಂಡು ಮಲಗಲು ಒಂದು ಕೋಣೆ ಏಕಿರಲಿಲ್ಲ, 36 ಗಂಟೆ ಏಕೆ ಎಂಬ ಮಾತನ್ನು ಸುಪ್ರೀಂ ಕೋರ್ಟ್ ಎತ್ತಿತು. ಇಷ್ಟು ದೀರ್ಘ ಡ್ಯೂಟಿಯ ಬಗ್ಗೆ ಮುಖ್ಯ ನ್ಯಾಯಮೂರ್ತಿಗಳೇ ಕಳವಳಪಟ್ಟರು. ಆಮೇಲೆ ಆ ಮಾತು ತಣ್ಣಗಾಯಿತು.

ನನ್ನ ಹಳೆಯ ಸಹೋದ್ಯೋಗಿಗಳು ಇದನ್ನು ಓದಿ ಹೇಳುವುದು ನನಗೆ ಗೊತ್ತು. "ನಾವು ಮಾಡಲಿಲ್ಲವೇ? ಹೆಚ್ಚು ಹೊತ್ತು ಇದ್ದಷ್ಟೂ ಹೆಚ್ಚು ಕಲಿಕೆ. ಗಂಟೆ ಕಡಿಮೆ ಮಾಡಿದರೆ ರೋಗಿಯನ್ನು ಕೈಯಿಂದ ಕೈಗೆ ದಾಟಿಸುವಾಗ ಮಾಹಿತಿ ತಪ್ಪುತ್ತದೆ." ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ. ಅಮೆರಿಕದಲ್ಲಿ 80 ಗಂಟೆಯ ಮಿತಿಯೊಳಗೇ ಪಾಳಿಯನ್ನು ಉದ್ದ ಗಿಡ್ಡ ಮಾಡಿ ನಡೆಸಿದ ದೊಡ್ಡ ಅಧ್ಯಯನಗಳಲ್ಲಿ ರೋಗಿಗಳ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಂಟೆ ಇಳಿಸಿದ ಮಾತ್ರಕ್ಕೆ ಎಲ್ಲ ಸರಿಯಾಗುತ್ತದೆಂದು ನಾನೂ ಹೇಳುವುದಿಲ್ಲ. ಆದರೆ ಬಾಸ್ಟನ್ನಿನ ಐಸಿಯುಗಳಲ್ಲಿ ಹೌಸ್ ಸರ್ಜನ್ನರ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 24 ಗಂಟೆ ಮೀರಿದ ಪಾಳಿಯ ಹಳೆಯ ಪದ್ಧತಿಯಲ್ಲಿ ಗಂಭೀರ ತಪ್ಪುಗಳು ಶೇ 36ರಷ್ಟು ಹೆಚ್ಚಿದ್ದವು. ರೋಗಿಯನ್ನು ದಾಟಿಸುವ ಕ್ರಮವನ್ನು ಸರಿಯಾಗಿ ಕಲಿಸಿದ ಆಸ್ಪತ್ರೆಗಳಲ್ಲಿ ತಪ್ಪುಗಳು ಶೇ 23ರಷ್ಟು ಇಳಿದವೆಂದು 2014ರ ಇನ್ನೊಂದು ಅಧ್ಯಯನ ತೋರಿಸಿತು. ದಾಟಿಸುವುದು ಕಲಿಸಬಹುದಾದ ವಿದ್ಯೆ, ನಿದ್ದೆಗೆಟ್ಟ ಮಿದುಳಿಗೆ ಕಲಿಸಲು ಏನೂ ಇಲ್ಲ. ಇನ್ನು ನಾವು ಮಾಡಿದ್ದು ನಿಜ. ನಾವು ಮಾಡಿದಾಗ ಎಷ್ಟು ಅಜ್ಜಿಯರು ಉಳಿಯಲಿಲ್ಲ ಎಂಬುದನ್ನು ಯಾರೂ ಬರೆದಿಟ್ಟಿಲ್ಲ.

ಈಗ ನಿಮ್ಮ ಹತ್ತಿರ ಬರುತ್ತೇನೆ.

ರೋಗಿಯ ಜೊತೆ ಬರುವವರೇ, ಬೆಡ್ ಇಲ್ಲ, ವೆಂಟಿಲೇಟರ್ ಇಲ್ಲ, ಔಷಧಿ ಹೊರಗೆ ತರಬೇಕು ಎಂದಾಗ ನಿಮ್ಮ ಸಿಟ್ಟು ನ್ಯಾಯವಾದದ್ದು. ಆ ಸಿಟ್ಟು ಮೊದಲು ಕಂಡ ಬಿಳಿ ಕೋಟಿನ ಮೇಲೆ ಬೀಳುತ್ತದೆ. ಆ ಕೋಟಿನೊಳಗೆ ಇರುವವರು ಬೆಡ್ಡು ಮಂಜೂರು ಮಾಡುವವರಲ್ಲ. ವೈದ್ಯರ ಮೇಲಿನ ಹಲ್ಲೆಗೆ ಜೈಲು ವಿಧಿಸುವ ಕಾನೂನು ಕರ್ನಾಟಕದಲ್ಲಿ 2009ರಿಂದ ಇದೆ, ಆದರೆ ಕಾನೂನಿನ ಹೆದರಿಕೆಯಿಂದ ನೀವು ಸುಮ್ಮನಿರಬೇಕೆಂದು ನಾನು ಕೇಳುತ್ತಿಲ್ಲ. ಗುಂಪಾಗಿ ಮುತ್ತದೆ ಒಬ್ಬರು ಮಾತ್ರ ಮುಂದೆ ಬಂದು ಮಾತಾಡಿ. ಹಳೆಯ ಚೀಟಿ, ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. "ಇದು ನಮ್ಮವ್ವಗೇ ಬರೆದ ಇಂಜೆಕ್ಷನ್ನೇನ್ರಿ?" ಎಂದು ವಿನಯದಿಂದ ಒಮ್ಮೆ ಕೇಳಿ. ಆ ದಿನ ಸಿಸ್ಟರ್ ಕೇಳಿದ ಪ್ರಶ್ನೆಯನ್ನು ನೀವೂ ಕೇಳಬಹುದು, ಒಳ್ಳೆಯ ವೈದ್ಯರು ಅದರಿಂದ ಮುನಿಯುವುದಿಲ್ಲ.

ಮಗನನ್ನೋ ಮಗಳನ್ನೋ ಡಾಕ್ಟರ್ ಓದಿಸುತ್ತಿರುವ ತಂದೆತಾಯಿಗಳೇ, ರಾತ್ರಿ ಫೋನಿನಲ್ಲಿ ಆ ಮಗು "ಸಾಕಾಗಿದೆ" ಎಂದರೆ "ಎಷ್ಟು ಕಷ್ಟಪಟ್ಟು ಸಿಕ್ಕ ಸೀಟು, ಇನ್ನೆರಡು ವರ್ಷ ತಡಕೋ" ಎನ್ನುವುದು ನಮ್ಮ ನಾಲಗೆಗೆ ಬಂದುಬಿಡುತ್ತದೆ. ಅದಕ್ಕೆ ಮೊದಲು, ಕೊನೆಯ ಬಾರಿ ಯಾವಾಗ ಮಲಗಿದ್ದೆ, ಯಾವಾಗ ಊಟ ಮಾಡಿದ್ದೆ ಎಂದು ಕೇಳಿ. ಸಾಧ್ಯವಾದರೆ ಮರುದಿನದ ಬಸ್ಸು ಹತ್ತಿ ಹೋಗಿ ಬನ್ನಿ. ಸೀಟು ಬಿಟ್ಟರೆ ಲಕ್ಷಾಂತರ ದಂಡ ಕಟ್ಟಬೇಕೆಂಬ ಬಾಂಡಿನ ಭಯ ಆ ಮಕ್ಕಳನ್ನು ಒಳಗೇ ಕೂಡಿಹಾಕುತ್ತದೆ. ಈ ದಂಡವನ್ನು ಕೈಬಿಡಿ ಎಂದು 2024ರ ಜನವರಿಯಲ್ಲಿ ವೈದ್ಯಕೀಯ ಆಯೋಗವೇ ರಾಜ್ಯಗಳನ್ನು ಕೇಳಿಕೊಂಡಿತ್ತು.

ಇದನ್ನು ಡ್ಯೂಟಿ ರೂಮಿನಲ್ಲಿ ಕೂತು ಓದುತ್ತಿರುವ ಪಿಜಿಗಳೇ, ಹೌಸ್ ಸರ್ಜನ್ನರೇ, ಏನೂ ಅನ್ನಿಸದಂತಾಗುವುದು ನಿಮ್ಮ ಸ್ವಭಾವದ ದೋಷವಲ್ಲ, ಅದು ಬೇನೆಯ ಲಕ್ಷಣ. ಅದನ್ನು ಗೆಳೆಯರಿಗೋ ಸಿಸ್ಟರಿಗೋ ಬಾಯಿಬಿಟ್ಟು ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ಹಣ ಬೇಕಿಲ್ಲ, ನಿಮ್ಮ ಕಾಲೇಜಿಗೆ ಸುದ್ದಿ ಹೋಗುವುದಿಲ್ಲ. ಮತ್ತು ಕೇಸ್ ಶೀಟಿನಲ್ಲಿ ಗಂಟೆ ನಿಮಿಷ ಬರೆಯುವುದನ್ನು ಎಂಥ ಅವಸರದಲ್ಲೂ ಬಿಡಬೇಡಿ. ನಿಮ್ಮ ದುಡಿಮೆಗೆ ಇವತ್ತು ಇರುವ ಸಾಕ್ಷಿ ಅದೊಂದೇ.

ಯೂನಿಟ್ ಮುಖ್ಯಸ್ಥರಾದ ಗೆಳೆಯರೇ, ಸರ್ಕಾರದ ಆದೇಶ ಬರುವವರೆಗೆ ಕಾಯಬೇಕಾಗಿಲ್ಲ. ರಾತ್ರಿ ಡ್ಯೂಟಿ ಮಾಡಿದವರನ್ನು ಬೆಳಿಗ್ಗೆ ಹತ್ತಕ್ಕೆ ಮನೆಗೆ ಕಳಿಸುವ ಅಧಿಕಾರ ಇವತ್ತೇ ನಿಮ್ಮ ಕೈಯಲ್ಲಿದೆ. ನನ್ನ ಕೈಯಲ್ಲೂ ಇತ್ತು. ಆ ಹುಡುಗನ ನಂತರ ನಿವೃತ್ತಿಯವರೆಗಿನ ನಾಲ್ಕು ವರ್ಷ ನಾನು ಅದನ್ನು ಮಾಡಿದೆ. ಮೊದಲ ತಿಂಗಳು ಗೊಂದಲವಾಯಿತು, ಬೆಳಗಿನ ರೌಂಡ್ಸಿನಲ್ಲಿ ನಾನೇ ಕೇಸ್ ಶೀಟ್ ಹಿಡಿದು ಬರೆಯಬೇಕಾಯಿತು. ಆಮೇಲೆ ಅದೂ ರೂಢಿಯಾಯಿತು.

ಇನ್ನು ನಾವೆಲ್ಲರೂ, ಮತ ಹಾಕುವವರು. ಸರ್ಕಾರಿ ಆಸ್ಪತ್ರೆಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ, ಅವುಗಳಲ್ಲಿ ಜನಪ್ರತಿನಿಧಿಗಳು ಕೂರುತ್ತಾರೆ. ಹೊಸ ಕಟ್ಟಡ, ಹೊಸ ಯಂತ್ರ, ಹೊಸ ಕಾಲೇಜಿನ ಮಾತು ಬಂದಾಗಲೆಲ್ಲ, ಇರುವ ವಾರ್ಡಿಗೆ ಎಷ್ಟು ಸಿಸ್ಟರುಗಳ ಹುದ್ದೆ ಖಾಲಿ, ರಾತ್ರಿ ಸ್ಯಾಂಪಲ್ ಒಯ್ಯುವವರು ಯಾರು, ಪಿಜಿಗಳಿಗೆ ಬಾಗಿಲಿಗೆ ಚಿಲಕವಿರುವ ಮಲಗುವ ಕೋಣೆ ಇದೆಯೇ ಎಂದು ನಿಮ್ಮ ಶಾಸಕರನ್ನು ಕೇಳಿ. ಪ್ರತಿ ಬೋಧಕ ಆಸ್ಪತ್ರೆಯೂ ವಿಭಾಗವಾರು ಡ್ಯೂಟಿ ಪಟ್ಟಿಯನ್ನು, ಯಾರು ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋಗಬೇಕು ಎಂಬುದರ ಸಮೇತ, ವಾರ್ಡಿನ ಬಾಗಿಲಲ್ಲಿ ತೂಗುಹಾಕಲಿ ಎಂದು ಒತ್ತಾಯಿಸಿ. ಔಷಧಿ ದಾಸ್ತಾನಿನ ಬೋರ್ಡ್ ಹಾಕುವ ಆಸ್ಪತ್ರೆಗೆ ಇದೇನೂ ಕಷ್ಟವಲ್ಲ. 24 ಗಂಟೆ ದಾಟಿದ ಹೆಸರೊಂದು ಆ ಬೋರ್ಡಿನಲ್ಲಿ ಕಂಡರೆ ಯಾರಾದರೂ ಒಬ್ಬರು ಕೇಳುತ್ತಾರೆ. ಈಗ ಕೇಳಲು ಯಾರಿಗೂ ಏನೂ ಕಾಣುವುದಿಲ್ಲ.

ಬೋರ್ಡ್ ಬರುವವರೆಗೆ ಒಂದು ದಾರಿ ಇದೆ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದ ಮೀರಬಾರದು. ಅಷ್ಟು ಪದ ಧಾರಾಳವಾಗಿ ಸಾಕು. ನಾನು ನಮ್ಮೂರಿನ ಬೋಧಕ ಆಸ್ಪತ್ರೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕಳೆದ ವಾರ ಕೊಟ್ಟ ಅರ್ಜಿಯಲ್ಲಿ ಕೇಳಿರುವುದು ಇಷ್ಟು: ಮೆಡಿಸಿನ್, ಸರ್ಜರಿ ಮತ್ತು ಹೆರಿಗೆ ವಿಭಾಗಗಳಲ್ಲಿ ಕಳೆದ ಮೂರು ತಿಂಗಳು ಪಿಜಿಗಳಿಗೆ ಹಾಕಿದ ಡ್ಯೂಟಿ ಪಟ್ಟಿಯ ನಕಲು, ಅವರಿಗೆ ವಾರದ ರಜೆ ಕೊಟ್ಟ ದಾಖಲೆ, ರಾತ್ರಿ ಪಾಳಿಯ ನಂತರ ಅವರನ್ನು ಬಿಡುಗಡೆ ಮಾಡಿದ ಸಮಯ. ಯಾವ ವೈದ್ಯರ ಹೆಸರೂ ನನಗೆ ಬೇಡ, ಗಂಟೆಗಳು ಸಾಕು ಎಂದು ಬರೆದಿದ್ದೇನೆ. ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಅಂಥ ದಾಖಲೆಯೇ ಇಲ್ಲ ಎಂಬ ಉತ್ತರ ಬಂದರೆ ಅದನ್ನೇ ಹಿಡಿದುಕೊಂಡು ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆಗೆ ಹೋಗುತ್ತೇನೆ. ನಿಮ್ಮ ಊರಿನ ಆಸ್ಪತ್ರೆಗೆ ನೀವು ಬರೆಯಿರಿ. ಅರ್ಜಿಯ ಒಕ್ಕಣೆ ಮೇಲಿದೆ, ಹಾಗೆಯೇ ಇಳಿಸಿಕೊಳ್ಳಿ.